ಕಾಲುಚೀಲಕ್ಕೆ ನಾಟುವ ಹುಲ್ಲು

ಮಳೆಗಾಲ ಕಳೆದ ಮೇಲೆ ಬಂಡೀಪುರದ ಸುತ್ತಮುತ್ತಲಿನಂಥ ಒಣ ಕಾಡಿನ ಅಂಚಿನಲ್ಲಿ ನಡೆದರೆ, ಲಂಗಕ್ಕೂ ಕಾಲುಚೀಲಕ್ಕೂ ಕಂದು ಸೂಜಿಗಳು ನಾಟಿಕೊಳ್ಳುತ್ತವೆ. ಕಿತ್ತು ಬಿಸಾಡುವ ಮೊದಲು ಒಂದನ್ನು ಅಂಗೈ ಮೇಲಿಟ್ಟು ನೋಡಿ. ಅದು ಈಟಿಹುಲ್ಲಿನ ಬೀಜ. ವಿಜ್ಞಾನಿಗಳು ಈ ಹುಲ್ಲನ್ನು ಹೆಟೆರೊಪೋಗಾನ್ ಕಂಟಾರ್ಟಸ್ ಎನ್ನುತ್ತಾರೆ.

ಗುರುತು ಹಿಡಿಯುವುದನ್ನು ಬುಡದಿಂದ ಶುರುಮಾಡೋಣ. ಗರಿಕೆ ನೆಲದ ಮೇಲೆ ಹಬ್ಬುತ್ತದೆ. ಇದು ಹಾಗಲ್ಲ, ಒಂದೇ ಬುಡದಿಂದ ಹತ್ತಾರು ತೆಂಡೆ ಒಡೆದು ಗುಂಪಾಗಿ ನಿಲ್ಲುತ್ತದೆ. ಬುಡ ಬಿಡಿಸಿದರೆ ಹಸಿರು ಗರಿಗಳ ನಡುವೆ ಹೋದ ವರ್ಷದ ಒಣ ತುಂಡುಗಳೂ ಸಿಗುತ್ತವೆ. ಬೇಸಿಗೆಯಲ್ಲಿ ಒಣಗಿದರೂ, ಬೆಂಕಿ ಹಾದುಹೋದರೂ, ಮಳೆ ಬಿದ್ದಾಗ ಅದೇ ಬುಡ ಮತ್ತೆ ಚಿಗುರುತ್ತದೆ. ಬುಡದ ಹತ್ತಿರ ತೆಂಡೆಯನ್ನು ಬೆರಳಲ್ಲಿ ಹೊರಳಿಸಿ: ದುಂಡಗಿಲ್ಲ, ಚಪ್ಪಟೆ. ಗರಿ ಹಿಸುಕಿದಾಗ ನಿಂಬೆಯ ಘಮ ಬಂದರೆ ಅದು ಬೇರೆ ಹುಲ್ಲು, ಮಜ್ಜಿಗೆ ಹುಲ್ಲಿನ ನೆಂಟ.

ತೆನೆ ಬಂತೆಂದರೆ ಅನುಮಾನವೇ ಬೇಡ. ಬೆರಳುದ್ದದ ತೆನೆಯ ಕೆಳಭಾಗದಲ್ಲಿ ಊಬು, ಅಂದರೆ ಬಾಲದಂಥ ಬಿರುಸು ಎಳೆ, ಇಲ್ಲ. ಮೇಲ್ಭಾಗದಲ್ಲಿ ಮಾತ್ರ 5ರಿಂದ 10 ಸೆಂ.ಮೀ. ಉದ್ದದ ಕಪ್ಪುಗಂದು ಊಬುಗಳು. ಮಾಗಿದಾಗ ಅವೆಲ್ಲ ಹಗ್ಗ ಹೊಸೆದಂತೆ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ.

ನನಗೆ ತುಂಬ ಇಷ್ಟವಾದದ್ದು ಇನ್ನು ಮುಂದಿದೆ. ಒಣಗಿದ ಒಂದು ಬೀಜವನ್ನು ತಟ್ಟೆಯಲ್ಲಿಟ್ಟು ಅದರ ಊಬಿನ ಮೇಲೆ ಎರಡು ಹನಿ ನೀರು ಹಾಕಿ, ಸ್ವಲ್ಪ ಕಾಯಿರಿ. ಊಬು ನಿಧಾನವಾಗಿ ತಿರುಗುತ್ತದೆ! ಅದರ ಜೀವಕೋಶಗಳ ಗೋಡೆ ನೀರು ಹೀರಿ ಉಬ್ಬಿದಾಗ ಸುರುಳಿ ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ಮತ್ತೆ ಸುತ್ತಿಕೊಳ್ಳುತ್ತದೆ. ಕಾಡಿನಲ್ಲಿ ನೀರು ಹಾಕುವುದು ಇಬ್ಬನಿ, ಒಣಗಿಸುವುದು ಬಿಸಿಲು. ಹೀಗೆ ತಿರುತಿರುಗಿ ಬೀಜದ ಚೂಪು ತುದಿ ಮಣ್ಣಿಗಿಳಿಯುತ್ತದೆ. ತುದಿಯ ಬಳಿಯ ಬಿರುಸು ರೋಮಗಳು ಹಿಂದಕ್ಕೆ ಬಾಗಿರುವುದರಿಂದ ಒಮ್ಮೆ ಇಳಿದದ್ದು ಸುಲಭವಾಗಿ ಮೇಲೆ ಬರದು. ಇಂಥದ್ದೇ ಊಬಿರುವ ಬೇರೊಂದು ಹುಲ್ಲಿನ ಬೀಜ ನೆಲ ಹೊಗುವ ಬಗೆಯನ್ನು ಚಾರ್ಲ್ಸ್ ಡಾರ್ವಿನ್‌ರ ಮಗ ಫ್ರಾನ್ಸಿಸ್ 1876ರಲ್ಲೇ ವಿವರಿಸಿದ್ದರು.

ಬೀಜವನ್ನು ಕಣ್ಣಿನ ಹತ್ತಿರ ಮಾತ್ರ ಒಯ್ಯಬೇಡಿ. ಎಳೆಯ ಈಟಿಹುಲ್ಲು ದನಕುರಿಗಳಿಗೆ ಒಳ್ಳೆಯ ಮೇವು. ಬೀಜ ಮಾಗಿದ ಮೇಲೆ ಅದೇ ಹುಲ್ಲು ಕುರಿಯ ಬಾಯಿಗೆ ಚುಚ್ಚುತ್ತದೆ, ಉಣ್ಣೆಯೊಳಗೆ ತೂರಿ ಚರ್ಮಕ್ಕೂ ಇಳಿಯುತ್ತದೆ.