ಗ್ರಂಥಭಂಡಾರದ ನೂತನ ಸಾಧನ



ಗ್ರಂಥವನ್ನು ಕಾಪಾಡುವುದೆಂದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಮಾತ್ರವಲ್ಲ. ಬೇಕಾದವರಿಗೆ ಬೇಕಾದಾಗ ಅದು ಅವಿಕಲವಾಗಿ ದೊರೆಯಬೇಕು. ಈ ಉದ್ದೇಶದಿಂದ ಅಮೆರಿಕಾ ದೇಶದ ಎಂ.ಐ.ಟಿ. ವಿದ್ಯಾಪೀಠದ ಗ್ರಂಥಾಲಯವೂ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯೂ ಕೂಡಿ, ಡಿಜಿಟಲ್ ಗ್ರಂಥಭಂಡಾರವನ್ನು ನಡೆಸುವ ‘ಡಿಸ್ಪೇಸ್’ ಎಂಬ ತಂತ್ರಾಂಶವನ್ನು 2002ರಲ್ಲಿ ಲೋಕಕ್ಕಿತ್ತವು. ಇದರ ಮೂಲಸಂಕೇತವು ಗುಪ್ತವಾದುದಲ್ಲ. ಯಾರಾದರೂ ಬೆಲೆಯಿಲ್ಲದೆ ಪಡೆದು, ತಿದ್ದಿ, ಬಳಸಬಹುದು.

2021ರಲ್ಲಿ ಹೊರಬಂದ ಏಳನೆಯ ಆವೃತ್ತಿಯಲ್ಲಿ, ಹಿಂದಿದ್ದ ಎರಡು ಬಗೆಯ ಹೊರಮುಖಗಳು ಹೋಗಿ ಒಂದೇ ಆಯಿತು. ಅದಕ್ಕಿಂತಲೂ ಮುಖ್ಯವಾದ ನೂತನಾಂಶವೊಂದುಂಟು. ಹಿಂದೆ ಕರ್ತೃವಿನ ಹೆಸರು ಗ್ರಂಥವಿವರದೊಳಗೆ ಬಹುಮಟ್ಟಿಗೆ ಬರಿಯ ಅಕ್ಷರಗಳ ಸಾಲಾಗಿತ್ತು. ಒಂದೇ ಹೆಸರಿನ ಇಬ್ಬರು ಒಬ್ಬರಾಗಿಯೂ, ಎರಡು ಬಗೆಯಾಗಿ ಹೆಸರು ಬರೆದ ಒಬ್ಬರು ಇಬ್ಬರಾಗಿಯೂ ತೋರುವ ಸಂಭವವಿತ್ತು. ಈಗ ಗ್ರಂಥ, ಕರ್ತೃ, ಸಂಸ್ಥೆ ಇವನ್ನು ಬೇರೆಬೇರೆ ದಾಖಲೆಗಳಾಗಿಟ್ಟು, ಒಂದಕ್ಕೊಂದು ಸಂಬಂಧವನ್ನು ಕಟ್ಟಬಹುದು. ಕರ್ತೃವಿನ ಪುಟದಲ್ಲಿಯೇ ಅವರ ಕೃತಿಗಳೆಲ್ಲವೂ ಕಾಣುವುವು.

ಆದರೆ ಯಂತ್ರವು ಸಂಬಂಧವನ್ನು ಹಿಡಿದಿಡಬಲ್ಲುದೇ ಹೊರತು ಅದರ ಸತ್ಯಾಸತ್ಯವನ್ನು ನಿರ್ಣಯಿಸಲಾರದು. ತಪ್ಪಾಗಿ ಹಾಕಿದ ಗಂಟು ತಪ್ಪನ್ನೇ ಎಲ್ಲೆಡೆಗೂ ಹರಡುವುದು. ಆದುದರಿಂದ ಯಾವ ಕೃತಿ ಯಾರದೆಂಬುದನ್ನು ಪರಿಶೋಧಿಸಿ ಹೇಳಬಲ್ಲ ವಿದ್ವಾಂಸರ ಹೊಣೆಯು ಈ ಸಾಧನದಿಂದ ಇಳಿಯಲಿಲ್ಲ, ಮತ್ತಷ್ಟು ಹೆಚ್ಚಿತು.