ಪಟ್ಟಿಯಿಂದ ಕಾಣೆಯಾದ ತಾಣ



ನಿಮ್ಮ ಕಾಲೇಜಿಗೆ ಒಂದು ಜಾಲತಾಣವಿದೆ ಎಂದು ಇಟ್ಟುಕೊಳ್ಳೋಣ. ನಿನ್ನೆಯವರೆಗೆ ಗೂಗಲ್‌ನಲ್ಲಿ ಕಾಲೇಜಿನ ಹೆಸರು ಕೊಟ್ಟೊಡನೆ ಅದು ಮೊದಲ ಸಾಲಿನಲ್ಲೇ ಕಾಣುತ್ತಿತ್ತು. ಇಂದು ಬೆಳಿಗ್ಗೆ ನೋಡಿದರೆ ಇಲ್ಲ. ಎರಡನೆಯ ಪುಟದಲ್ಲೂ ಇಲ್ಲ, ಐದನೆಯದರಲ್ಲೂ ಇಲ್ಲ. ಪ್ರವೇಶದ ಅರ್ಜಿಗಾಗಿ ಹುಡುಕುತ್ತಿರುವ ದೂರದ ಊರಿನ ಹುಡುಗನ ಪಾಲಿಗೆ ಕಾಲೇಜು ಬಾಗಿಲು ಮುಚ್ಚಿದಂತೆಯೇ. ಆದರೆ ತಾಣದ ವಿಳಾಸವನ್ನು ಅಕ್ಷರ ಬಿಡದೆ ಟೈಪ್ ಮಾಡಿ ನೋಡಿ: ಪುಟ ಎಂದಿನಂತೆ ತೆರೆದುಕೊಳ್ಳುತ್ತದೆ. ಪ್ರಾಂಶುಪಾಲರ ಭಾವಚಿತ್ರ, ಶುಲ್ಕದ ವಿವರ, ಎಲ್ಲವೂ ಇದ್ದಲ್ಲೇ ಇವೆ. ಹಾಗಾದರೆ ಕಾಣೆಯಾದದ್ದು ಏನು?

ಶೋಧಯಂತ್ರವು ನಾವು ಪ್ರಶ್ನೆ ಕೇಳಿದ ಮೇಲೆ ಜಗತ್ತಿನ ತಾಣಗಳನ್ನೆಲ್ಲ ಸುತ್ತಿ ಬಂದು ಉತ್ತರ ಕೊಡುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ಅದು ಹಾಗೆ ನಡೆಯುವುದಿಲ್ಲ. ಸುತ್ತುವ ಕೆಲಸ ಮೊದಲೇ ಮುಗಿದಿರುತ್ತದೆ. ಕ್ರಾಲರ್ ಎಂಬ ತಂತ್ರಾಂಶ ಹಗಲು ರಾತ್ರಿ ಒಂದು ಪುಟದ ಕೊಂಡಿ ಹಿಡಿದು ಇನ್ನೊಂದು ಪುಟಕ್ಕೆ ಹೋಗುತ್ತಾ, ಓದಿದ್ದನ್ನು ತಂದು ಒಪ್ಪಿಸುತ್ತದೆ. ಯಾವ ಪದ ಯಾವ ಪುಟದಲ್ಲಿದೆ ಎಂಬ ಬೃಹತ್ ಸೂಚಿಪಟ್ಟಿ ಅದರಿಂದ ತಯಾರಾಗುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಬರುವುದು ಈ ಪಟ್ಟಿಯಿಂದ. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಿಂದ ಒಂದು ಸಾಲನ್ನು ಯಾರಾದರೂ ಅಳಿಸಿದರೆ ಪುಸ್ತಕದ ಪುಟವೇನೂ ಹರಿದುಹೋಗುವುದಿಲ್ಲ. ಆದರೆ ಸೂಚಿ ನೋಡಿ ಓದುವವನಿಗೆ ಆ ಪುಟ ಸಿಗುವುದಿಲ್ಲ. ಟೆಲಿವಿಷನ್ ಕೇಂದ್ರದ ಟೇಪು ಭಂಡಾರದಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ದಾಖಲೆ ಪುಸ್ತಕದಲ್ಲಿ ಸಾಲಿಲ್ಲದ ಟೇಪು ಕಪಾಟಿನಲ್ಲಿ ಧೂಳು ತಿನ್ನುತ್ತಾ ಕೂತಿರುತ್ತದೆ.

ಹಾಗಾದರೆ ಸಾಲನ್ನು ಅಳಿಸುವವರು ಯಾರು? ಬಹಳ ಸಲ ತಾಣದ ಒಡೆಯರೇ, ಅದೂ ತಿಳಿಯದೆ.

1994ರಲ್ಲಿ ಮಾರ್ಟಿನ್ ಕೋಸ್ಟರ್ ಎಂಬ ತಂತ್ರಜ್ಞರು ಒಂದು ಸರಳ ಒಪ್ಪಂದವನ್ನು ಸೂಚಿಸಿದರು. ಪ್ರತಿ ತಾಣವೂ ತನ್ನ ಹೊಸ್ತಿಲಲ್ಲಿ ‘ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ’ ಎಂಬ ಪುಟ್ಟ ಕಡತ ಇಟ್ಟುಕೊಳ್ಳಬಹುದು. ಕ್ರಾಲರ್‌ಗಳು ಒಳಗೆ ಎಲ್ಲಿ ಕಾಲಿಡಬಹುದು, ಎಲ್ಲಿ ಕೂಡದು ಎಂದು ಅದರಲ್ಲಿ ಬರೆಯಬಹುದು. ಕಾನೂನಿನ ಬಲವಿಲ್ಲದ ಈ ಸಜ್ಜನಿಕೆಯ ಒಪ್ಪಂದ ಇಪ್ಪತ್ತೆಂಟು ವರ್ಷ ಹಾಗೆಯೇ ನಡೆದು, 2022ರಲ್ಲಷ್ಟೇ ಅಂತರಜಾಲದ ವಿಧಿವತ್ತಾದ ಮಾನಕವಾಗಿ ಪ್ರಕಟವಾಯಿತು. ‘ಡಿಸ್ಅಲೌ’ ಎಂಬ ಪದದ ಮುಂದೆ ಏನೂ ಬರೆಯದಿದ್ದರೆ ಎಲ್ಲ ಬಾಗಿಲೂ ತೆರೆದಿವೆ ಎಂದರ್ಥ. ಅದರ ಮುಂದೆ ಒಂದೇ ಒಂದು ಓರೆಗೀಟು ಹಾಕಿದರೆ ಇಡೀ ತಾಣಕ್ಕೆ ಬೀಗ. ವ್ಯತ್ಯಾಸ ಒಂದು ಅಕ್ಷರದಷ್ಟೂ ಅಲ್ಲ, ಒಂದು ಗೀಟಿನಷ್ಟು.

ಇದು ಎಡವಟ್ಟಾಗುವ ಬಗೆ ಹೀಗೆ. ತಾಣವನ್ನು ಹೊಸದಾಗಿ ಕಟ್ಟುವಾಗ ಅರೆಬರೆ ಕೆಲಸ ಹೊರಗೆ ಕಾಣದಿರಲೆಂದು ಈ ಬೀಗ ಹಾಕಿಕೊಳ್ಳುತ್ತಾರೆ. ಕೆಲಸ ಮುಗಿದ ದಿನ ಕಡತಗಳನ್ನೆಲ್ಲ ಒಟ್ಟಿಗೆ ಮುಖ್ಯ ಸರ್ವರ್‌ಗೆ ಸಾಗಿಸುತ್ತಾರೆ. ಬೀಗವೂ ಜೊತೆಯಲ್ಲೇ ಹೋಗುತ್ತದೆ. ಉದ್ಘಾಟನೆ, ಹೂಗುಚ್ಛ, ಭಾಷಣ ಎಲ್ಲ ಆಗುತ್ತದೆ. ಕೆಲವು ದಿನಗಳಲ್ಲಿ ತಾಣ ಹುಡುಕಾಟದಲ್ಲಿ ಕೆಳಕ್ಕೆ ಸರಿಯುತ್ತಾ, ವಿವರಣೆಯೇ ಇಲ್ಲದ ಬರಿಯ ವಿಳಾಸವಾಗಿ ಉಳಿಯುತ್ತದೆ ಅಥವಾ ಅದೂ ಇಲ್ಲವಾಗುತ್ತದೆ. ಇದಕ್ಕಿಂತ ಕಟ್ಟುನಿಟ್ಟಾದದ್ದು ಪುಟದೊಳಗೇ ಬರೆಯುವ ‘ನೋಇಂಡೆಕ್ಸ್’ ಎಂಬ ಸೂಚನೆ. ಕ್ರಾಲರ್ ಅದನ್ನು ಓದಿದೊಡನೆ ಆ ಪುಟವನ್ನು ಪಟ್ಟಿಯಿಂದ ತೆಗೆಯಲಾಗುತ್ತದೆ. ವರ್ಡ್‌ಪ್ರೆಸ್ ಬಳಸುವವರು ಸೆಟ್ಟಿಂಗ್ಸ್‌ನಲ್ಲಿ ಒಂದು ಚೌಕಕ್ಕೆ ಗುರುತು ಹಾಕಿದರೆ ಸಾಕು, ಈ ಸೂಚನೆ ಎಲ್ಲ ಪುಟಗಳಿಗೂ ಅಂಟಿಕೊಳ್ಳುತ್ತದೆ. ಇನ್ನೊಂದು ಸ್ವಾರಸ್ಯ ನೋಡಿ: ಹೊಸ್ತಿಲಲ್ಲಿ ಬೀಗ ಹಾಕಿ ಒಳಗೆ ‘ನೋಇಂಡೆಕ್ಸ್’ ಬರೆದರೆ, ಒಳಗೆ ಬಾರದ ಕ್ರಾಲರ್ ಆ ಸೂಚನೆಯನ್ನು ಓದುವುದೇ ಇಲ್ಲ!

ಬಾಡಿಗೆ ತೀರಿದ ಕಾರಣಕ್ಕೂ ತಾಣ ಕಾಣೆಯಾಗುವುದುಂಟು. ತಾಣದ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ಅವಧಿಗೊಮ್ಮೆ ಹಣ ಕಟ್ಟಿ ನವೀಕರಿಸಬೇಕು. ಸರ್ವರ್ ಕೆಟ್ಟು ‘404, ಪುಟವಿಲ್ಲ’ ಎನ್ನುತ್ತಲೇ ಇದ್ದರೆ ಕ್ರಾಲರ್ ಕೆಲವು ಸಲ ಬಂದು ನೋಡಿ, ಪಟ್ಟಿಯಿಂದ ಹೆಸರು ಹೊಡೆಯುತ್ತದೆ. ದುರಸ್ತಿಯ ವೇಳೆ ‘503, ಆಮೇಲೆ ಬನ್ನಿ’ ಎಂದು ಉತ್ತರಿಸುವುದು ಜಾಣತನ.

ಇನ್ನು ಶಿಕ್ಷೆಯ ವಿಷಯ. 2006ರ ಫೆಬ್ರುವರಿಯಲ್ಲಿ ಜರ್ಮನಿಯ ಹೆಸರಾಂತ ಕಾರು ಕಂಪನಿ ಬಿ.ಎಂ.ಡಬ್ಲ್ಯು.ನ ಜರ್ಮನ್ ತಾಣ ಗೂಗಲ್‌ನಿಂದ ಇದ್ದಕ್ಕಿದ್ದಂತೆ ಮಾಯವಾಯಿತು. ಆ ಭಾಷೆಯಲ್ಲಿ ಬಳಸಿದ ಕಾರಿಗೆ ‘ಗೆಬ್ರೌಖ್ಟ್‌ವಾಗೆನ್’ ಎನ್ನುತ್ತಾರೆ. ಈ ಪದವನ್ನು ಹತ್ತಾರು ಸಲ ತುಂಬಿದ ಪುಟಗಳನ್ನು ತಾಣದಲ್ಲಿ ಇಡಲಾಗಿತ್ತು. ಕ್ರಾಲರ್ ಬಂದರೆ ಪದಗಳ ಆ ರಾಶಿಯನ್ನು ಓದಿಕೊಂಡು ಹೋಗುತ್ತಿತ್ತು. ಮನುಷ್ಯ ಬಂದರೆ, ಕ್ಷಣಾರ್ಧದಲ್ಲಿ ಅವನನ್ನು ಹೊಳೆಯುವ ಕಾರುಗಳ ಚಿತ್ರವಿದ್ದ ಬೇರೆಯೇ ಪುಟಕ್ಕೆ ದಾಟಿಸಲಾಗುತ್ತಿತ್ತು. ಪರೀಕ್ಷಕರಿಗೆ ಒಂದು ಉತ್ತರ ಪತ್ರಿಕೆ, ಮನೆಯಲ್ಲಿ ತೋರಿಸಲು ಇನ್ನೊಂದು! ಆ ಪುಟಗಳನ್ನು ತೆಗೆದ ಮೇಲೆ, ಕೆಲವೇ ದಿನಗಳಲ್ಲಿ ತಾಣ ಪಟ್ಟಿಗೆ ಮರಳಿತು.

ಪೂರ್ತಿ ಅಳಿಸದೆ ಕೆಳಗೆ ತಳ್ಳುವುದು ಇನ್ನೊಂದು ರೀತಿ. ಇದಕ್ಕೆ ಹಿನ್ನೆಲೆ ತಿಳಿದಿರಬೇಕು. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಪ್ರಕಟಿಸಿದ ವಿಧಾನದಲ್ಲಿ, ಒಂದು ಪುಟಕ್ಕೆ ಬೇರೆ ಪುಟಗಳು ಕೊಡುವ ಕೊಂಡಿ ಮತವಿದ್ದಂತೆ. ತೂಕವುಳ್ಳ ಪುಟದ ಮತಕ್ಕೆ ಹೆಚ್ಚು ತೂಕ. ಮತವೆಂದ ಮೇಲೆ ಕೊಳ್ಳುವವರೂ ಹುಟ್ಟಿಕೊಂಡರು. 2011ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಅಮೆರಿಕದ ಜೆ.ಸಿ. ಪೆನ್ನಿ ಅಂಗಡಿಯ ತಾಣಕ್ಕೆ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಕೊಂಡಿಗಳು ಬಂದಿರುವುದನ್ನು ಬಯಲಿಗೆಳೆಯಿತು. ಕೊಂಡಿಗಳನ್ನು ಹಾಕಿಸಿದ್ದು ತಾನಲ್ಲ ಎಂದು ಅಂಗಡಿ ಹೇಳಿತು. ‘ಸ್ಯಾಮ್ಸನೈಟ್ ಸೂಟ್‌ಕೇಸ್’ ಬಗೆಯ ಹುಡುಕಾಟದಲ್ಲಿ ಸಂಜೆ 7 ಗಂಟೆಗೆ 1ನೇ ಸ್ಥಾನದಲ್ಲಿದ್ದ ಆ ತಾಣ 9 ಗಂಟೆಗೆ 71ಕ್ಕೆ ಇಳಿದಿತ್ತು. 71ನೆಯ ಸಾಲಿನವರೆಗೆ ನೋಡುವವರು ನಿಮ್ಮಲ್ಲಿ ಎಷ್ಟು ಮಂದಿ? 2012ರ ಆರಂಭದಲ್ಲಿ ಗೂಗಲ್ ತನ್ನದೇ ಕ್ರೋಮ್ ಬ್ರೌಸರಿನ ಪುಟವನ್ನು ಇಂಥದೇ ಕಾರಣಕ್ಕೆ ಕೆಳಗಿಳಿಸಿತು. 2013ರಲ್ಲಿ ಬ್ರಿಟನ್ನಿನ ಇಂಟರ್‌ಫ್ಲೋರಾ ಎಂಬ ಹೂವಿನ ವ್ಯಾಪಾರಿಯಂತೂ ತನ್ನ ಹೆಸರನ್ನೇ ಹುಡುಕಿದರೂ ಸಿಗದಂತಾಯಿತು. ಅಲ್ಲಿನ ತಾಯಂದಿರ ದಿನ ಹತ್ತಿರವಾಗಿದ್ದ ಕಾಲವದು.

ಇಲ್ಲಿ ನನಗೊಂದು ತಕರಾರಿದೆ. ಮೋಸಕ್ಕೆ ಶಿಕ್ಷೆ ಬೇಕು, ಸರಿ. ಆದರೆ ನಿಯಮ ಬರೆಯುವವರು, ತಪ್ಪು ಹಿಡಿಯುವವರು, ತೀರ್ಪು ಕೊಡುವವರು, ಮೇಲ್ಮನವಿ ಕೇಳುವವರು, ನಾಲ್ವರೂ ಒಂದೇ ಕಂಪನಿಯವರು. ದೊಡ್ಡ ಕಂಪನಿಯಾದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ, ವಾರದೊಳಗೆ ಬಾಗಿಲು ತೆರೆಯಬಹುದು. ಮನೆಯಲ್ಲೇ ಕೂತು ಇಳಕಲ್ ಸೀರೆ ಮಾರುವ ಒಬ್ಬ ಹೆಣ್ಣುಮಗಳ ತಾಣ ಪಟ್ಟಿಯಿಂದ ಜಾರಿದರೆ ಸುದ್ದಿ ಬರೆಯುವವರು ಯಾರು? ಪಟ್ಟಿಗೆ ಅಂಕ ಹಾಕುವ ಸೂತ್ರಗಳು ಆಗಾಗ ಬದಲಾಗುತ್ತಲೂ ಇರುತ್ತವೆ. ಯಾವ ತಪ್ಪೂ ಮಾಡದವರು ಕೂಡ ಒಂದು ಬದಲಾವಣೆಯಿಂದ ಹಿಂದಕ್ಕೆ ಸರಿದುಬಿಡಬಹುದು, ಅದಕ್ಕೆ ನೋಟೀಸು ಬರುವುದಿಲ್ಲ.

ಯಂತ್ರವೇ ತಪ್ಪುವುದೂ ಉಂಟು. ಅಪಾಯಕಾರಿ ತಾಣಗಳ ಪಟ್ಟಿಯೊಂದನ್ನು ಗೂಗಲ್ ಇಟ್ಟುಕೊಂಡಿದೆ. 2009ರ ಜನವರಿ 31ರಂದು ಆ ಪಟ್ಟಿಯಲ್ಲಿ ಬರಿಯ ಓರೆಗೀಟೊಂದು ನಮೂದಾಯಿತು. ಓರೆಗೀಟಿಲ್ಲದ ವಿಳಾಸ ಎಲ್ಲಿದೆ? ಒಂದು ಗಂಟೆಗೆ ತುಸು ಕಡಿಮೆ ಕಾಲ ಹೆಚ್ಚುಕಡಿಮೆ ಜಗತ್ತಿನ ಎಲ್ಲ ತಾಣಗಳ ಕೆಳಗೂ ‘ಇದು ನಿಮ್ಮ ಗಣಕಕ್ಕೆ ಹಾನಿ ಮಾಡಬಹುದು’ ಎಂಬ ಎಚ್ಚರಿಕೆ ಕಾಣಿಸಿಕೊಂಡಿತು. ಮನುಷ್ಯರ ಕೈತಪ್ಪು ಎಂದು ಕಂಪನಿ ಒಪ್ಪಿಕೊಂಡಿತು. ಆದರೆ ಈ ಪಟ್ಟಿ ಇರುವುದು ಸುಮ್ಮನಲ್ಲ. ನಿಮ್ಮ ತಾಣಕ್ಕೆ ಯಾರೋ ಕನ್ನ ಹಾಕಿ ಔಷಧಿ, ಜೂಜಿನ ಜಾಹೀರಾತುಗಳನ್ನು ಗುಟ್ಟಾಗಿ ಸೇರಿಸಿದರೆ, ನೀವು ನಿರಪರಾಧಿಯಾದರೂ ಹೊರಬೀಳುವುದು ನಿಮ್ಮ ತಾಣವೇ.

ನ್ಯಾಯಾಲಯದ ಆದೇಶದಿಂದಲೂ ಸಾಲು ಅಳಿಯುತ್ತದೆ. ಸ್ಪೇನಿನ ಒಬ್ಬ ನಾಗರಿಕನ ಆಸ್ತಿ ಸಾಲಕ್ಕಾಗಿ ಹರಾಜಿಗೆ ಬಂದ ಪ್ರಕಟಣೆ 1998ರಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ಸಾಲ ತೀರಿ ವರ್ಷಗಳಾದರೂ ಅವನ ಹೆಸರು ಹುಡುಕಿದರೆ ಅದೇ ಎದುರಾಗುತ್ತಿತ್ತು. 2014ರ ಮೇ 13ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಇಂಥ ಸಂದರ್ಭಗಳಲ್ಲಿ ಹೆಸರಿನ ಹುಡುಕಾಟದಿಂದ ಆ ಕೊಂಡಿಯನ್ನು ತೆಗೆಯುವ ಹೊಣೆ ಶೋಧಯಂತ್ರದ ಮೇಲಿದೆ ಎಂದಿತು. ಪತ್ರಿಕೆಯ ಪುಟವನ್ನು ಅಳಿಸಬೇಕೆಂದು ನ್ಯಾಯಾಲಯ ಹೇಳಲಿಲ್ಲ. ಪದಸೂಚಿಗೂ ಪುಸ್ತಕಕ್ಕೂ ಇರುವ ವ್ಯತ್ಯಾಸ ಹೀಗೆ ನ್ಯಾಯಶಾಸ್ತ್ರವನ್ನೂ ಹೊಕ್ಕಿತು.

ನಿಮ್ಮ ಕಾಲೇಜಿನ ತಾಣ ಕಾಣೆಯಾದರೆ ಮೊದಲು ಹುಡುಕುವ ಪೆಟ್ಟಿಗೆಯಲ್ಲಿ ‘ಸೈಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಎರಡು ಚುಕ್ಕಿಯಿಟ್ಟು, ಜಾಗ ಬಿಡದೆ ತಾಣದ ವಿಳಾಸ ಕೊಡಿ. ಪುಟಗಳು ಬಂದರೆ ಸ್ಥಾನವಷ್ಟೇ ಇಳಿದಿದೆ. ಒಂದೂ ಬಾರದಿದ್ದರೆ ಪಟ್ಟಿಯಿಂದಲೇ ಹೋಗಿರುವ ಸಂಭವ ಹೆಚ್ಚು. ತಾಣದ ಒಡೆಯರಿಗಾಗಿ ಇರುವ ‘ಗೂಗಲ್ ಸರ್ಚ್ ಕನ್ಸೋಲ್’ ಎಂಬ ಉಚಿತ ಸೌಲಭ್ಯದಲ್ಲಿ, ಕಂಪನಿಯ ಸಿಬ್ಬಂದಿ ನೋಡಿ ವಿಧಿಸಿದ ಶಿಕ್ಷೆ ಇದ್ದರೆ ಬರೆದಿರುತ್ತದೆ. ಸರಿಪಡಿಸಿ ಮರುಪರಿಶೀಲನೆಗೆ ಅಲ್ಲಿಂದಲೇ ಅರ್ಜಿ ಹಾಕಬಹುದು. ನೀವು ಬರಿಯ ಓದುಗರಾದರೆ ತನ್ನದೇ ಪಟ್ಟಿ ಇಟ್ಟುಕೊಂಡಿರುವ ಬಿಂಗ್‌ನಲ್ಲಿ ಹುಡುಕಿ. ಮೂಲ ತಾಣವೇ ಅಳಿದಿದ್ದರೆ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯು 1996ರಿಂದ ಸಂಗ್ರಹಿಸುತ್ತಿರುವ ಹಳೆಯ ಪ್ರತಿಗಳಲ್ಲಿ ವಿಳಾಸ ಕೊಟ್ಟು ನೋಡಿ.

ಕಾಣೆಯಾಗುವ ಮಾತು ಹೀಗಾಯಿತು. ಎಂದೂ ಕಾಣಿಸಿಕೊಳ್ಳದ ಪುಟಗಳೂ ಇವೆ, ಅವುಗಳಲ್ಲಿ ಕನ್ನಡದ್ದು ಸಾಕಷ್ಟು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತಾದರೂ, ಅದು ಬಳಕೆಗೆ ಬರುವವರೆಗೆ ನಮ್ಮವರು ಹಳೆಯ ಬಗೆಯ ಫಾಂಟುಗಳಲ್ಲಿ ಬರೆದರು. ಅಲ್ಲಿ ‘ಕ’ ಎಂಬ ಅಕ್ಷರಕ್ಕೆ ಸ್ವಂತ ಸಂಖ್ಯೆಯಿಲ್ಲ. ರೋಮನ್ ಅಕ್ಷರವೊಂದರ ಸಂಖ್ಯೆಯನ್ನು ಎರವಲು ಪಡೆದು, ಫಾಂಟು ಅದರ ಮೇಲೆ ಕನ್ನಡದ ವೇಷ ತೊಡಿಸುತ್ತಿತ್ತು. ವೇಷ ನಮಗೆ ಕಾಣುತ್ತದೆ, ಕ್ರಾಲರ್‌ಗೆ ಕಾಣುವುದಿಲ್ಲ. ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಂಪೆಂದು ಓದಿಕೊಂಡು ಹೋಗುತ್ತದೆ. ನೀವು ಯೂನಿಕೋಡ್‌ನಲ್ಲಿ ಕುವೆಂಪು ಎಂದು ಬರೆದು ಹುಡುಕಿದರೆ ಕುವೆಂಪು ಅವರ ಬಗೆಗಿನ ಅಂಥ ಲೇಖನ ಸಿಗುವುದೇ ಇಲ್ಲ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಈಗ ಉಚಿತವಾಗಿ ದೊರೆಯುತ್ತವೆ. ಒತ್ತಕ್ಷರಗಳು ಅಲ್ಲಲ್ಲಿ ಕೆಡುವುದರಿಂದ ಒಬ್ಬರು ಕೂತು ಕರಡು ತಿದ್ದಬೇಕಾಗುತ್ತದೆ. ತಿದ್ದಿದ ಪುಟವನ್ನು ತಾಣಕ್ಕೆ ಏರಿಸಿದ ಮೇಲೆ, ಮುಂದಿನ ಸಲ ಕ್ರಾಲರ್ ಆ ದಾರಿಯಲ್ಲಿ ಬಂದಾಗ ಅದನ್ನು ಕನ್ನಡವೆಂದೇ ಓದುತ್ತದೆ.