ಒಂದು ಮಗ್ಗುಲಿಗೆ ಎಳೆಯುವ ಮೋಟಾರು



ಮಲೆನಾಡಿನಲ್ಲಿ ಮೋಟಾರನ್ನು ನಡೆಸತಕ್ಕವರಿಗೆ ನೆಟ್ಟನೆಯ ರಸ್ತೆಯೆಂಬುದು ಅಪರೂಪದ ವಸ್ತು. ತೀರ್ಥಹಳ್ಳಿಯಿಂದ ಆಗುಂಬೆಯ ಘಾಟಿಯನ್ನಿಳಿದು ಸೋಮೇಶ್ವರಕ್ಕೆ ಹೋಗುವ ದಾರಿಯಾಗಲಿ, ಹೊಸನಗರದ ಕಡೆಯಿಂದ ಹುಲಿಕಲ್ ಘಾಟಿಯಾಗಿ ಕುಂದಾಪುರದ ಸೀಮೆಗೆ ಇಳಿಯುವ ದಾರಿಯಾಗಲಿ, ಸಾಗರದಿಂದ ಗೇರುಸೊಪ್ಪೆಯ ಮೇಲೆ ಹೊನ್ನಾವರವನ್ನು ಸೇರುವ ದಾರಿಯಾಗಲಿ, ತಿರುವಿನಿಂದ ತಿರುವಿಗೆ ಸಾಗತಕ್ಕವೇ ಆಗಿವೆ. ಇಂಥ ಕಡೆಗಳಲ್ಲಿ ಗಾಡಿಯು ತಾನಾಗಿಯೇ ಒಂದು ಮಗ್ಗುಲಿಗೆ ಎಳೆಯುತ್ತಿದ್ದರೂ ಅದು ಬಹುಕಾಲ ಚಾಲಕನ ಗಮನಕ್ಕೆ ಬಾರದೆ ಹೋಗಬಹುದು. ಕೈಯೆಂಬುದು ಬಹು ವಿಧೇಯನಾದ ಸೇವಕ. ಗಾಡಿ ಎಡಕ್ಕೆ ಎಳೆದಷ್ಟನ್ನು ಅದು ಬಲಕ್ಕೆ ಹಿಡಿದು ಸರಿದೂಗಿಸಿಬಿಡುತ್ತದೆ. ಯಜಮಾನನಿಗೆ ದೂರು ಹೇಳುವುದಿಲ್ಲ. ಅಭ್ಯಾಸವಿಲ್ಲದ ಮತ್ತೊಬ್ಬರು, ಮಗನೋ ಅಳಿಯನೋ, ಮಳೆಗಾಲದ ಒಂದು ರಾತ್ರಿ ಅದೇ ಗಾಡಿಯನ್ನು ನಡೆಸಬೇಕಾಗಿ ಬಂದಾಗ ದೋಷವು ಹೊರಬೀಳುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆಯಲ್ಲಿ ಅದು ಹೊರಬೀಳಲು ತಕ್ಕ ಹೊತ್ತು ಅದಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಆದುದರಿಂದ ಗಾಡಿ ಏಕೆ ಎಳೆಯುತ್ತದೆ, ಚಕ್ರಗಳನ್ನು ಸರಿಗೂಡಿಸುವುದು, ಅರ್ಥಾತ್ ವೀಲ್ ಅಲೈನ್‌ಮೆಂಟ್ ಎಂಬ ಕೆಲಸವು ಅದಕ್ಕೆ ಎಷ್ಟರ ಮಟ್ಟಿಗೆ ಪರಿಹಾರ ಎಂಬ ವಿಷಯವಾಗಿ ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಮೊದಲು ತಿಳಿಯಬೇಕಾದುದೇನೆಂದರೆ, ಎಳೆತವು ಜ್ವರವಿದ್ದಂತೆ. ಅದು ರೋಗವಲ್ಲ, ರೋಗದ ಚಿಹ್ನೆ. ಗಾಡಿ ಎಳೆಯಿತೆಂದ ಕೂಡಲೆ ಅಲೈನ್‌ಮೆಂಟ್ ಯಂತ್ರದ ಮೇಲೆ ಏರಿಸುವುದು, ನಾಡಿ ನೋಡದೆ ಔಷಧ ಕೊಟ್ಟ ಹಾಗೆ. ಹಣ ಕೊಟ್ಟು ಬಂದ ಮೇಲೂ ಗಾಡಿ ಎಳೆಯುತ್ತಲೇ ಇದೆಯೆಂದು ಎಷ್ಟೋ ಜನ ಬೇಸರಪಡುವುದಕ್ಕೆ ಇದೇ ಕಾರಣ.

ಮೊದಲನೆಯ ಸಂದೇಹವನ್ನು ರಸ್ತೆಯ ಮೇಲೆಯೇ ಇಡಬೇಕು. ನೀರು ಹರಿದುಹೋಗಲೆಂದು ಡಾಂಬರು ರಸ್ತೆಯ ನಡುವನ್ನು ಉಬ್ಬಿಸಿ, ಅಂಚುಗಳನ್ನು ತಗ್ಗಿಸಿ ಕಟ್ಟುತ್ತಾರೆ. ಮಳೆ ಹೆಚ್ಚಾಗಿರುವ ಪ್ರಾಂತದಲ್ಲಿ ಈ ಇಳುಕಲು ನೂರಕ್ಕೆ ಎರಡೂವರೆಯವರೆಗೂ ಇರುವುದುಂಟು. ನಡುವಿನಿಂದ ಅಂಚಿಗೆ ಮೂರೂವರೆ ಮೀಟರ್ ಇದ್ದರೆ ಅಂಚು ಸುಮಾರು 9 ಸೆಂಟಿಮೀಟರ್ ತಗ್ಗಿನಲ್ಲಿರುತ್ತದೆ. ನಾವು ಎಡಗಡೆಯಲ್ಲಿ ನಡೆಯತಕ್ಕವರಾದ್ದರಿಂದ ಆರೋಗ್ಯವಾಗಿರುವ ಗಾಡಿಯೂ ಇಂಥ ರಸ್ತೆಯಲ್ಲಿ ಕೈ ಸಡಿಲಿಸಿದರೆ ಮೆಲ್ಲನೆ ಎಡಕ್ಕೆ ಸರಿಯುತ್ತದೆ. ಅದು ದೋಷವಲ್ಲ. ಸಮತಟ್ಟಾದ, ಜನಸಂಚಾರವಿಲ್ಲದ ನೇರ ರಸ್ತೆಯೊಂದರಲ್ಲಿ ಸಾಧಾರಣ ವೇಗದಿಂದ ನಡೆಸಿ, ಕೈಯನ್ನು ಸ್ಟಿಯರಿಂಗಿನಿಂದ ತೆಗೆಯದೆ ಹಿಡಿತವನ್ನು ಮಾತ್ರ ಹಗುರ ಮಾಡಿ ಪರೀಕ್ಷಿಸಬೇಕು. ಘಾಟಿಯಲ್ಲಿ ಈ ಪರೀಕ್ಷೆ ಸಲ್ಲದು.

ಎರಡನೆಯದು ಟೈರು. ಒಂದು ಮಗ್ಗುಲಿನ ಟೈರಿನಲ್ಲಿ ಗಾಳಿ ಕಡಿಮೆಯಾದರೆ ಅದು ಭಾರವಾಗಿ ಉರುಳಿ ಗಾಡಿಯನ್ನು ತನ್ನ ಕಡೆಗೆ ಎಳೆಯುತ್ತದೆ. ನೊಗದ ಒಂದು ಎತ್ತು ಹಿಂದೆ ಬಿದ್ದರೆ ಬಂಡಿಯು ಆ ಕಡೆಗೆ ತಿರುಗುವುದಿಲ್ಲವೆ, ಹಾಗೆ. ಆದುದರಿಂದ ಗಾಡಿ ಓಡಿ ಬಿಸಿಯಾಗುವ ಮುನ್ನ, ತಯಾರಕರು ಬಾಗಿಲಿನ ಕಂಬದ ಚೀಟಿಯಲ್ಲಿಯೋ ಕೈಪಿಡಿಯಲ್ಲಿಯೋ ಸೂಚಿಸಿರುವ ಒತ್ತಡಕ್ಕೆ ನಾಲ್ಕು ಟೈರುಗಳನ್ನೂ ತುಂಬಿಸತಕ್ಕದ್ದು. ಇಷ್ಟರಿಂದಲೇ ಎಳೆತವು ನಿಂತುಹೋದರೆ ಮುಂದಿನ ಖರ್ಚು ಉಳಿಯಿತು. ನಿಲ್ಲದಿದ್ದರೆ ಮುಂದಿನ ಎರಡು ಟೈರುಗಳನ್ನು ಎಡಬಲ ಬದಲಿಸಿ ನೋಡಬೇಕು. ಮೊದಲು ಎಡಕ್ಕೆ ಎಳೆಯುತ್ತಿದ್ದುದು ಈಗ ಬಲಕ್ಕೆ ಎಳೆದರೆ ದೋಷವು ಟೈರಿನ ಕಟ್ಟಡದಲ್ಲಿಯೇ ಇದೆಯೆಂದು ನಿಶ್ಚಯವಾಯಿತು. ಯಾವ ಯಂತ್ರವೂ ಅದನ್ನು ತಿದ್ದಲಾರದು. ಒಂದೇ ದಿಕ್ಕಿಗೆ ಉರುಳಬೇಕೆಂದು ಬಾಣದ ಗುರುತಿರುವ ಟೈರುಗಳನ್ನು ಮಾತ್ರ ಹೀಗೆ ಸುಮ್ಮನೆ ಅದಲುಬದಲು ಮಾಡಕೂಡದು.

ಮೂರನೆಯದು ಬ್ರೇಕು. ಬ್ರೇಕನ್ನು ಒತ್ತಿದಾಗ ಮಾತ್ರ ಗಾಡಿ ಎಳೆಯುವುದಾದರೆ ಮೊದಲು ಬ್ರೇಕನ್ನೂ, ಅನಂತರ ಚಕ್ರವನ್ನು ಹಿಡಿದಿರುವ ತೋಳಿನ ಬುಷ್‌ಗಳನ್ನೂ ಪರೀಕ್ಷಿಸಬೇಕು. ಒತ್ತದಿರುವಾಗಲೂ ಒಂದು ಚಕ್ರದ ಬ್ರೇಕು ಬಿಡದೆ ಕಚ್ಚಿಕೊಂಡಿದ್ದರೆ, ಸ್ವಲ್ಪ ದೂರ ಹೋಗಿ ನಿಲ್ಲಿಸಿದಾಗ ಆ ಚಕ್ರದ ಬಳಿ ಮಿಕ್ಕವುಗಳಿಗಿಂತ ಹೆಚ್ಚಿನ ಕಾವು ಕಾಣುತ್ತದೆ. ಕಾವು ಬಹಳವಾಗಿರಬಹುದಾದ್ದರಿಂದ ಲೋಹವನ್ನು ಮುಟ್ಟದೆ, ಕೈಯನ್ನು ದೂರದಲ್ಲಿ ಹಿಡಿದು ತಿಳಿಯಬೇಕು. ಮಳೆಗಾಲದಲ್ಲಿ ಬಹುದಿನ ನಿಂತ ಗಾಡಿಗಳಲ್ಲಿ ತುಕ್ಕಿನಿಂದ ಹೀಗಾಗುವುದುಂಟು. ಘಾಟಿಯನ್ನು ಇಳಿಯತಕ್ಕವರು ಇದನ್ನು ಒಂದು ದಿನವೂ ಉಪೇಕ್ಷಿಸಲಾಗದು.

ಈ ಮೂರೂ ನಿರ್ದೋಷವೆಂದು ಕಂಡ ಮೇಲೆ ಚಕ್ರಗಳ ಕೋನಗಳಿಗೆ ಬರೋಣ. ಅವು ಮುಖ್ಯವಾಗಿ ಮೂರು: ಟೋ, ಕ್ಯಾಂಬರ್ ಮತ್ತು ಕ್ಯಾಸ್ಟರ್.

ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆಯೇ ಟೋ. ಇದು ಕೆಟ್ಟರೆ ಟೈರು ಉರುಳುವುದರ ಜೊತೆಗೆ ಅಡ್ಡಲಾಗಿಯೂ ಉಜ್ಜಿಕೊಳ್ಳುತ್ತದೆ. 600 ಮಿಲಿಮೀಟರ್ ವ್ಯಾಸದ ಚಕ್ರವೊಂದರ ಮುಂದಿನ ಅಂಚು ಹಿಂದಿನ ಅಂಚಿಗಿಂತ ಒಂದೇ ಒಂದು ಮಿಲಿಮೀಟರ್ ಓರೆಯಾಗಿದೆಯೆಂದು ಭಾವಿಸಿ. 600 ಮೀಟರ್ ನಡೆದಾಗ ಒಂದು ಮೀಟರ್ ಅಡ್ಡ ಉಜ್ಜಾಟ; 60 ಕಿಲೋಮೀಟರಿನ ಪ್ರಯಾಣದಲ್ಲಿ ಸುಮಾರು 100 ಮೀಟರ್. ಟೈರಿನ ಒಂದು ಅಂಚು ಗರಗಸದಂತೆ ಸವೆಯುವುದು ಇದರಿಂದಲೇ. ಆದರೆ ಮುಂದಿನ ಚಕ್ರಗಳ ಟೋ ಒಂದೇ ಕೆಟ್ಟರೆ ಸಾಮಾನ್ಯವಾಗಿ ಗಾಡಿ ಎಳೆಯುವುದಿಲ್ಲ; ಎರಡು ಚಕ್ರಗಳೂ ತಪ್ಪನ್ನು ಸಮವಾಗಿ ಹಂಚಿಕೊಂಡು ನೇರ ಹೋಗುತ್ತವೆ, ಸ್ಟಿಯರಿಂಗ್ ಮಾತ್ರ ವಕ್ರವಾಗಿ ನಿಲ್ಲಬಹುದು. ಸ್ಟಿಯರಿಂಗ್ ವಕ್ರವಾಗಿರುವುದು ಬೇರೆ, ಗಾಡಿ ಎಳೆಯುವುದು ಬೇರೆ ಎಂಬ ಭೇದವನ್ನು ಮರೆಯಬಾರದು. ಹಿಂದಿನ ಚಕ್ರಗಳು ಓರೆಯಾದರೂ ಸ್ಟಿಯರಿಂಗ್ ವಕ್ರವಾಗುತ್ತದೆ. ಆದುದರಿಂದ ನಾಲ್ಕು ಚಕ್ರಗಳನ್ನೂ ಅಳೆಯಿಸುವುದು ಯುಕ್ತ.

ಎದುರಿನಿಂದ ನೋಡಿದಾಗ ಚಕ್ರದ ತಲೆಯು ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಹುಡುಗರು ಕೋಲಿನಿಂದ ಹೊಡೆದು ಓಡಿಸುವ ಗಾಲಿಯು ಯಾವ ಕಡೆಗೆ ವಾಲುತ್ತದೆಯೋ ಆ ಕಡೆಗೇ ತಿರುಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದರಂತೆಯೇ ಎಡಚಕ್ರದ ತಲೆ ಬಲಚಕ್ರಕ್ಕಿಂತ ಹೆಚ್ಚಾಗಿ ಹೊರಕ್ಕೆ ವಾಲಿದರೆ ಗಾಡಿ ಎಡಕ್ಕೆ ಎಳೆಯುತ್ತದೆ.

ಕ್ಯಾಸ್ಟರ್ ಎಂಬುದನ್ನು ಬೈಸಿಕಲ್ಲಿನಿಂದ ತಿಳಿಯಬಹುದು. ಅದರ ಮುಂದಿನ ಕವಲು ನೆಟ್ಟಗಿರದೆ ಮೇಲ್ತುದಿಯಲ್ಲಿ ಹಿಂದಕ್ಕೆ ಒರಗಿರುತ್ತದೆ. ನಡೆಯುವಾಗ ಚಕ್ರವು ನೇರಕ್ಕೆ ಬರಲು ಈ ಒರಗುವಿಕೆ ಸಹಾಯಕ. ಮೋಟಾರಿನಲ್ಲಿಯೂ ಚಕ್ರ ತಿರುಗುವ ಅಕ್ಷವು ಹೀಗೆಯೇ ಒರಗಿರುತ್ತದೆ. ಎಡಬಲಗಳಲ್ಲಿ ಇದು ಸಮವಾಗಿಲ್ಲದಿದ್ದರೆ, ಒರಗು ಕಡಿಮೆಯಿರುವ ಕಡೆಗೆ ಗಾಡಿ ಎಳೆಯುತ್ತದೆ.

ಇನ್ನು ಮಲೆನಾಡಿನ ವಿಶೇಷಕ್ಕೆ ಬರೋಣ. ಕಿರಿದಾದ ರಸ್ತೆಯಲ್ಲಿ ಎದುರಿನಿಂದ ಬಸ್ಸು ಬಂದರೆ ನಾವು ಎಡಗಾಲಿಗಳನ್ನು ಡಾಂಬರಿನ ಅಂಚಿನಿಂದ ಕೆಳಕ್ಕೆ ಇಳಿಸುತ್ತೇವೆ. ಮಳೆ ಕೊರೆದ ಅಂಚು ಗೇಣುದ್ದ ತಗ್ಗಾಗಿದ್ದರೆ ಇಳಿಯುವಾಗ ಒಂದು ಪೆಟ್ಟು, ಏರುವಾಗ ಇನ್ನೊಂದು. ಅಡಿಕೆ ತೋಟದ ಮನೆಗಳಿಗೆ ಹೋಗುವ ಜಂಬಿಟ್ಟಿಗೆ ದಾರಿಯ ಹೊಂಡಗಳು ಎರಡು ಕಡೆಗೂ ಹೊಡೆಯುತ್ತವೆ. ಈ ಅಂಚಿನ ಪೆಟ್ಟಾದರೋ ಎಡಚಕ್ರದ ಪಾಲಿಗೇ ಮೀಸಲು. ಆದುದರಿಂದ ಎಡಗಡೆಯ ತೋಳು, ಬಾಲ್ ಜಾಯಿಂಟ್, ಟೈ ರಾಡಿನ ತುದಿ ಇವುಗಳನ್ನು ವಿಶೇಷವಾಗಿ ನೋಡಿಸಬೇಕು. ಇವು ಸಡಿಲವಾಗಿರುವಾಗ ಕೋನಗಳನ್ನು ತಿದ್ದಿದರೆ ಆ ತಿದ್ದುಪಡಿಯು ಮೊದಲನೆಯ ಹೊಂಡದವರೆಗೆ ಮಾತ್ರ ಬಾಳುತ್ತದೆ. ಚಕ್ರದ ಒಳಭಾಗಕ್ಕೆ ಕೆಸರು ಮೆತ್ತಿಕೊಂಡು ಗಾಡಿ ನಡುಗಿದರೆ ಅದು ತೂಕದ ಅಸಮತೆ. ತೊಳೆಸಿದರೆ ಹೋದೀತು, ಅದಕ್ಕೂ ಅಲೈನ್‌ಮೆಂಟಿಗೂ ಸಂಬಂಧವಿಲ್ಲ.

ಕಾರ್ಖಾನೆಯಲ್ಲಿ ಕೆಲಸದ ಕ್ರಮ ಹೀಗಿರತಕ್ಕದ್ದು. ಸಡಿಲ ಭಾಗಗಳನ್ನು ಮೊದಲು ಬದಲಾಯಿಸಿ, ಗಾಳಿಯನ್ನು ಸರಿಪಡಿಸಿ, ಅಡಿಕೆ ಮೂಟೆ ಮೊದಲಾದ ಹೊರೆಯನ್ನಿಳಿಸಿ, ಸ್ಟಿಯರಿಂಗನ್ನು ನೇರವಾಗಿ ಬಂಧಿಸಿ, ಆಮೇಲೆ ಅಳೆಯಬೇಕು. ಹಿಂದಿನ ಚಕ್ರಗಳಲ್ಲಿ ತಿದ್ದುವುದಕ್ಕೆ ಅವಕಾಶವಿದ್ದರೆ ಅವನ್ನು ಮೊದಲು, ಅನಂತರ ಮುಂದಿನ ಕ್ಯಾಸ್ಟರ್, ಕ್ಯಾಂಬರ್, ಕಡೆಗೆ ಟೋ. ಅನೇಕ ಸಣ್ಣ ಕಾರುಗಳಲ್ಲಿ ತಿರುಗಿಸಿ ತಿದ್ದಲು ಬರುವುದು ಮುಂದಿನ ಟೋ ಒಂದೇ. ಅಂಥ ಗಾಡಿಯಲ್ಲಿ ಕ್ಯಾಂಬರೋ ಕ್ಯಾಸ್ಟರೋ ಮಿತಿ ಮೀರಿದೆಯೆಂದರೆ ಯಾವುದೋ ಭಾಗ ಬಾಗಿದೆಯೆಂದೇ ಸಾಮಾನ್ಯವಾಗಿ ತಿಳಿಯಬೇಕು. ಅಲ್ಲಿ ಟೋವನ್ನು ಮಾತ್ರ ತಿದ್ದಿಸಿಕೊಂಡು ಬಂದರೆ ಎಳೆತ ಹೋಗದು. ವಿದ್ಯುತ್ ಸ್ಟಿಯರಿಂಗಿನ ಕೆಲವು ಹೊಸ ಗಾಡಿಗಳಲ್ಲಿ ಸ್ಟಿಯರಿಂಗ್ ಕೋನವನ್ನರಿಯುವ ಸಾಧನಕ್ಕೂ ಹೊಸ ಮಧ್ಯಸ್ಥಾನವನ್ನು ತಿಳಿಸಬೇಕಾಗುತ್ತದೆ.

ಕೆಲಸಕ್ಕೆ ಮೊದಲಿನ ಅಳತೆ, ಆಮೇಲಿನ ಅಳತೆ ಎರಡೂ ಇರುವ ಮುದ್ರಿತ ಚೀಟಿಯನ್ನು ಕೇಳಿ ಪಡೆಯಿರಿ. ಎಡಬಲಗಳ ಅಂಕಿಗಳನ್ನು ಹೋಲಿಸಿ ನೋಡಿರಿ. ಪ್ರತಿಯೊಂದೂ ಮಿತಿಯೊಳಗಿದ್ದರೂ ಅವುಗಳ ನಡುವಣ ಅಂತರವೇ ಎಳೆತಕ್ಕೆ ಕಾರಣವಾಗಬಹುದು. ಆಮೇಲೆ ಅದೇ ಸಮತಟ್ಟಾದ ರಸ್ತೆಯಲ್ಲಿ ನೀವೇ ಒಮ್ಮೆ ನಡೆಸಿ ನೋಡಿ, ಹಣವನ್ನು ಕೊಡಿರಿ.

ವರ್ಷಕ್ಕೆ ಎರಡು ಸಲ, ಮುಂಗಾರು ಹಿಡಿಯುವುದಕ್ಕೆ ಮುಂಚೆ ಒಮ್ಮೆ, ಮಳೆ ನಿಂತು ಹೊಂಡಗಳ ಕಾಟ ಮುಗಿದ ಮೇಲೆ ಒಮ್ಮೆ, ಈ ಪರೀಕ್ಷೆಗಳನ್ನು ಮಾಡುವುದು ನಮ್ಮ ಸೀಮೆಗೆ ಒಪ್ಪುವ ಕ್ರಮ. ಮುಂದಿನ ಟೈರುಗಳ ಒಳಗಂಚನ್ನು ಆಗ ತಪ್ಪದೆ ನೋಡಿರಿ. ಹೊರಗಿನಿಂದ ಹೊಸದಾಗಿ ಕಾಣುವ ಟೈರು ಒಳಗಡೆ ನುಣ್ಣಗಾಗಿದ್ದರೆ, ನೀರು ನಿಂತ ತಿರುವಿನಲ್ಲಿ ಅದು ನೆಲವನ್ನು ಹಿಡಿಯಲಾರದು. ಅರ್ಧ ಗಂಟೆಯ ಈ ಶ್ರಮದಿಂದ ಟೈರಿನ ಹಣ ಉಳಿಯುವುದು ದೊಡ್ಡ ಮಾತಲ್ಲ. ಮನೆಯವರೊಬ್ಬರು ಆ ಗಾಡಿಯಲ್ಲಿ ರಾತ್ರಿ ಘಾಟಿಯನ್ನಿಳಿಯುವಾಗ ನಾವು ನಿಶ್ಚಿಂತೆಯಿಂದ ಇರಬಹುದೆಂಬುದೇ ಅದರ ಮುಖ್ಯವಾದ ಫಲ.